ಅರುಳಪ್ಪ ಮೇಸ್ತ್ರಿ ಮತ್ತು ನಿಂಬೆಹಣ್ಣು ತುಳಿಯದ ಜೀಪು

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಮಾತ್ರ ಕೇಳಬೇಡಿ, ಬೆಟ್ಟದ ನೆತ್ತಿಯ ಮೇಲೆ ಎಳ್ಳುಬಾರೆ ಎಂಬ ಒಂದು ಊರಿತ್ತು. ಊರೇನೋ ಈಗಲೂ ಇದೆ, ನಾನು ಹೇಳುತ್ತಿರುವುದು ಆಗಿನ ಮಾತು. ಆಗ ಊರಿನಿಂದ ಕೆಳಗಿಳಿಯಬೇಕಾದರೆ ಹದಿನೆಂಟು ತಿರುವು ದಾಟಬೇಕಿತ್ತು. ದಾಟಿದರೆ ಸಂತೆಪಾಳ್ಯ. ಅಲ್ಲಿ ಆಸ್ಪತ್ರೆ ಇತ್ತು, ಸಂತೆ ಇತ್ತು, ಸಂತೆಮಾಳದ ಅಂಚಿನ ಹುಣಸೆಮರದ ಬುಡದಲ್ಲಿ ತಗಡು ಹೊದಿಸಿದ ಒಂದು ಚಪ್ಪರ ಇತ್ತು. ಆ ಚಪ್ಪರದಡಿ ಅರುಳಪ್ಪ ಮೇಸ್ತ್ರಿ ಇದ್ದ.

ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಕರಿಕಲ್ಲಿನ ಕ್ವಾರಿಯಲ್ಲಿ ಮದ್ದು ಸಿಡಿದು ಕಿವಿ ಹೋಯಿತು ಅಂತಾರೆ. ಅಲ್ಲ, ಲಾರಿಯ ಹಾರನ್ ಬಿಚ್ಚಿ ಕೂತಿದ್ದಾಗ ಯಾವನೋ ತರಲೆ ಗುಂಡಿ ಒತ್ತಿದ ಅಂತಾರೆ. ಅವನ ಹೆಂಡತಿ ಸಗಾಯಮ್ಮನನ್ನು ಕೇಳಿದರೆ, "ನನ್ನ ಬಾಯಿಗೆ ಹೆದರ್ಕೊಂಡು ಅವರೇ ದೇವರ ಹತ್ರ ಬೇಡ್ಕೊಂಡ್ರು" ಎನ್ನುತ್ತಿದ್ದಳಂತೆ. ಯಾವುದು ನಿಜವೋ ನನಗೆ ಗೊತ್ತಿಲ್ಲ. ಕೇಳದ ಕಿವಿಯ ಆ ಮನುಷ್ಯ ಇಂಜಿನ್ನಿನ ಒಳಗಿನ ಮಾತು ಬಲ್ಲವನಾಗಿದ್ದ ಎಂಬುದಷ್ಟೇ ಎಲ್ಲರೂ ಒಪ್ಪುವ ಮಾತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರುತ್ತಿದ್ದ, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ, ಕಣ್ಣು ಮುಚ್ಚುತ್ತಿದ್ದ. ಇಂಜಿನ್ನಿನ ನಡುಕ ಕಬ್ಬಿಣ ಹತ್ತಿ, ಮರ ಹತ್ತಿ, ಹಲ್ಲಿಗೆ ಬಂದು ಅವನ ತಲೆಯೊಳಗೆ ಇಳಿಯುತ್ತಿತ್ತು. ಕಣ್ಣು ಬಿಡುವಷ್ಟರಲ್ಲಿ ಕಾಯಿಲೆ ಯಾವುದೆಂದು ಅವನಿಗೆ ಗೊತ್ತಾಗಿರುತ್ತಿತ್ತು ಅಂತಾರೆ.

ಆದರೆ ಅವನಿಗೊಂದು ಪದ್ಧತಿ ಇತ್ತು. ಯಾವ ಗಾಡಿಯೇ ಬರಲಿ, ಬಂದ ಕೂಡಲೇ ಬಾನೆಟ್ಟು ಎತ್ತುತ್ತಿರಲಿಲ್ಲ. ಮೊದಲು ಡ್ರೈವರು ಎದುರಿಗೆ ನಿಲ್ಲಬೇಕು. ಗಾಡಿ ಕೆಟ್ಟ ದಿನದಿಂದ ಹಿಂದಕ್ಕೆ, ಅದು ಚೆನ್ನಾಗಿ ಓಡಿದ ಕೊನೆಯ ದಿನದವರೆಗೆ ಏನೇನಾಯಿತೋ ಅಷ್ಟನ್ನೂ ಕೈಕಾಲಿನಲ್ಲಿ ಮಾಡಿ ತೋರಿಸಬೇಕು. ಡ್ರೈವರು ಬಾಯಿ ತೆರೆದರೆ ಅರುಳಪ್ಪ ಅಂಗೈ ಅಡ್ಡ ಹಿಡಿಯುತ್ತಿದ್ದ. "ಬಾಯಿ ಬೇಡ! ಮಾಡಿ ತೋರ್ಸು!" ತನ್ನ ದನಿ ತನಗೇ ಕೇಳದವನು, ಸಂತೆಮಾಳದ ಆಚೆ ತುದಿಗೆ ಕೇಳುವಂತೆ ಕೂಗುತ್ತಿದ್ದ. ಬಾಯಲ್ಲಿ ಸುಳ್ಳು ಹೇಳುವುದು ಸುಲಭ, ಮೈಯಲ್ಲಿ ಹೇಳುವುದು ಕಷ್ಟ ಎಂಬುದು ಅವನ ಲೆಕ್ಕ. ಹಾಗಾಗಿ ಮೀಸೆ ಬಿಟ್ಟ ಗಂಡಸರು ನಡುಬೀದಿಯಲ್ಲಿ ಕೆಮ್ಮುತ್ತಿದ್ದರು, ಗಡಗಡ ನಡುಗುತ್ತಿದ್ದರು, ಹೊಗೆ ಬಿಡುತ್ತಿದ್ದರು. ಒಬ್ಬ ಲಾರಿಯವನು ಬ್ರೇಕು ಹಿಡಿಯದ್ದನ್ನು ತೋರಿಸಲು ಹೋಗಿ ಚರಂಡಿಗೆ ಬಿದ್ದನಂತೆ. ಸಂತೆಗೆ ಬಂದವರು ಕಡಲೆಕಾಯಿ ಸುಲಿಯುತ್ತ ನಿಂತು ನೋಡುತ್ತಿದ್ದರು. ನಾಟಕದ ಕಂಪನಿಗಳು ಸಂತೆಪಾಳ್ಯಕ್ಕೆ ಬರುವುದನ್ನೇ ಬಿಟ್ಟವು ಅಂತಾರೆ, ಇದ್ದರೂ ಇರಬಹುದು.

ಇನ್ನು ಬೆಟ್ಟದ ಮೇಲಿನ ಬಿಲ್ಲಯ್ಯನ ವಿಷಯಕ್ಕೆ ಬರುತ್ತೇನೆ.

ಬಿಲ್ಲಯ್ಯ ಎಳ್ಳುಬಾರೆಯ ಊರ ಜೀಪಿನ ಡ್ರೈವರು. ಜೀಪು ಅವನದಲ್ಲ, ಊರಿನದು. ಯಾವುದೋ ಎಸ್ಟೇಟಿನವರು ಇನ್ನು ಇದು ಸಾಕು ಎಂದು ಬಿಟ್ಟಿದ್ದನ್ನು ಊರವರು ಕೂಡಿ ತಂದಿದ್ದರು. ನಾಲ್ಕು ಚಕ್ರಕ್ಕೂ ಎಳೆತ ಇದ್ದ ಹಳೆಯ ಪೆಟ್ರೋಲ್ ಜೀಪು. ಬಾಗಿಲಿಲ್ಲ, ಟಾಪಿಗೆ ಹತ್ತು ತೇಪೆ. ಆದರೂ ಮಳೆಗಾಲದ ಕೆಸರಿನಲ್ಲಿ ಹದಿನೆಂಟು ತಿರುವನ್ನೂ ಮೇಕೆಯ ಹಾಗೆ ಹತ್ತುತ್ತಿತ್ತು.

ಜೀಪು ಬರುವ ಮೊದಲು ಊರಿನಲ್ಲಿ ಡೋಲಿ ಇತ್ತು. ಉದ್ದನೆಯ ಬಿದಿರಿಗೆ ಕಂಬಳಿ ಕಟ್ಟಿ, ಕಾಯಿಲೆಯವರನ್ನೋ ಬಸುರಿಯರನ್ನೋ ಅದರಲ್ಲಿ ಮಲಗಿಸಿ, ನಾಲ್ಕು ಜನ ಹೊತ್ತು ಇಳಿಸುತ್ತಿದ್ದರು. ಬಿಲ್ಲಯ್ಯನ ಹೆಂಡತಿಯನ್ನೂ ಹಾಗೇ ಇಳಿಸಿದ್ದರು, ಎರಡನೆಯ ಹೆರಿಗೆಗೆ. ಬಿದಿರಿನ ಮುಂದಿನ ತುದಿಗೆ ಹೆಗಲು ಕೊಟ್ಟವನು ಬಿಲ್ಲಯ್ಯನೇ. ಹನ್ನೊಂದನೆಯ ತಿರುವಿನಲ್ಲಿ ಹಿಂದಿನವರು ನಿಲ್ಲು ಎಂದರು. ಅವನು ನಿಂತ. ಯಾಕೆ ಎಂದು ಅವನು ಕೇಳಲೂ ಇಲ್ಲ. ತಾಯಿಯೂ ಹೋದಳು, ಹೊಟ್ಟೆಯಲ್ಲಿದ್ದದ್ದೂ ಹೋಯಿತು. ಮನೆಯಲ್ಲಿ ಉಳಿದವಳು ಚೊಚ್ಚಲ ಮಗಳು ದುಂಡಮ್ಮ. ಊರಿಗೆ ಜೀಪು ಬೇಕೇ ಬೇಕು ಎಂದು ಮೂರು ವರ್ಷ ಎಲ್ಲರ ಜಗಲಿಯಲ್ಲೂ ಕೂತು ಕಾಡಿದವನು ಇದೇ ಬಿಲ್ಲಯ್ಯ.

ಆ ದುಂಡಮ್ಮ ದೊಡ್ಡವಳಾದಳು, ಅದೇ ಊರಿನಲ್ಲಿ ಮದುವೆಯಾದಳು, ಬಸುರಿಯಾದಳು. ಆಯುಧಪೂಜೆ ಹತ್ತಿರ ಬಂದಾಗ ಅವಳಿಗೆ ಎಂಟು ತುಂಬಿತ್ತು. ಬಿಲ್ಲಯ್ಯ ಜೀಪನ್ನು ನೋಡಿದ. ತುಕ್ಕು ಹಿಡಿದು ಅಲ್ಲಲ್ಲಿ ಸಿಪ್ಪೆ ಎದ್ದಿತ್ತು. ನನ್ನ ಮಗಳು ಇಂಥದರಲ್ಲಿ ಕೂತು ಹೋಗಬೇಕಾ ಎನ್ನಿಸಿತು ಅವನಿಗೆ. ಬಣ್ಣ ಹೊಡೆಯಬೇಕು ಎಂದುಕೊಂಡ. ಬಣ್ಣ ಇರಲಿಲ್ಲ. ಬಣ್ಣ ಇದ್ದದ್ದು ಬೆಟ್ಟದಯ್ಯನ ಗುಡಿಯಲ್ಲಿ, ಬಾಗಿಲಿಗೆ ಹೊಡೆಸಲು ತಂದಿಟ್ಟ ಎರಡು ಡಬ್ಬ.

ಪೂಜೆಗೆ ನಾಲ್ಕು ದಿನ ಇರುವಾಗ ಬಿಲ್ಲಯ್ಯ ಗುಡಿಗೆ ಹೋದ, ಕೈ ಮುಗಿದ, ಆ ಕಡೆ ಈ ಕಡೆ ನೋಡಿದ, ಒಂದು ಡಬ್ಬವನ್ನು ಕಂಬಳಿಯೊಳಗೆ ಇಟ್ಟುಕೊಂಡು ಬಂದ. ಹೊಡೆದನಪ್ಪ ಬಣ್ಣ! ಮೂರು ಕೋಟು. ಒಂದು ಬೋಲ್ಟು ಬಿಡಲಿಲ್ಲ, ಒಂದು ಸಂದಿ ಬಿಡಲಿಲ್ಲ. ಬ್ಯಾಟರಿ ಇಳಿಸಿ ಅದು ಕೂರುವ ಜಾಗವನ್ನೂ ಉಜ್ಜಿ ತೊಳೆದು ಬಳಿದ. ಆಮೇಲೆ ಎಲ್ಲ ಇದ್ದ ಹಾಗೇ ಕೂರಿಸಿ ಬಿಗಿದ. ಜೀಪು ನೀಲಿಯಾಗಿ ಹೊಳೆಯಿತು. ಊರವರು ಬಂದು ನೋಡಿ ಚೆನ್ನಾಗಿದೆ ಎಂದರು. ಬಣ್ಣ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ. ಕೇಳದಿದ್ದದ್ದು ತನ್ನ ಪುಣ್ಯ ಎಂದುಕೊಂಡ ಬಿಲ್ಲಯ್ಯ.

ಪೂಜೆಯ ದಿನ ಊರೆಲ್ಲ ಸೇರಿತು. ಗುಡಿಯ ಪೂಜಾರಿ ಕೆಂಪತಂಬಡಿ ಕಾಯಿ ಒಡೆದ, ಕುಂಬಳಕಾಯಿ ಒಡೆದ, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟ. ಬಿಲ್ಲಯ್ಯ ಹೊಸ ಪಂಚೆ ಉಟ್ಟು ಹತ್ತಿ ಕೂತ. ಸ್ಟಾರ್ಟರ್ ಒತ್ತಿದ. ಟಿಕ್ ಎಂದಿತು. ಇನ್ನೊಮ್ಮೆ ಒತ್ತಿದ, ಇನ್ನೊಮ್ಮೆ ಟಿಕ್. ಅಷ್ಟೇ. ಜೀಪು ಅಲ್ಲಾಡಲಿಲ್ಲ, ನಿಂಬೆಹಣ್ಣು ಇದ್ದ ಹಾಗೇ ಉಳಿದವು. ಗಾಡಿ ನಿಂಬೆಹಣ್ಣು ತುಳಿಯಲಿಲ್ಲ ಎಂಬ ಮಾತು ಗುಂಪಿನಲ್ಲಿ ಹಬ್ಬಿತು. ಅಂಥದ್ದನ್ನು ಆ ಬೆಟ್ಟದಲ್ಲಿ ಯಾರೂ ಕಂಡಿರಲಿಲ್ಲ.

ಬೆಟ್ಟದಯ್ಯ ಮುನಿದಿದ್ದಾನೆ, ನನ್ನ ಕಳ್ಳತನಕ್ಕೆ ಜೀಪಿನ ಉಸಿರು ಕಿತ್ತುಕೊಂಡಿದ್ದಾನೆ ಎಂದುಕೊಂಡ ಬಿಲ್ಲಯ್ಯ. ಯಾರಿಗೆ ಹೇಳುತ್ತಾನೆ? ಕಳ್ಳನಿಗೆ ಚೇಳು ಕುಟುಕಿದಂತೆ ಸುಮ್ಮನಾದ.

ಮುಂದಿನಿಂದ ಹಿಡಿಕೆ ಹಾಕಿ ಇಂಜಿನ್ನು ತಿರುಗಿಸಿದರು, ಹತ್ತಲಿಲ್ಲ. ನಲವತ್ತು ಜನ ಬಯಲಿನಲ್ಲಿ ಮೂರು ಸುತ್ತು ನೂಕಿದರು, ಹತ್ತಲಿಲ್ಲ. ಇಳಿಜಾರಿಗೆ ಬಿಡೋಣ ಎಂದರೆ ಮೊದಲ ತಿರುವಿನಲ್ಲೇ ಕಮರಿ. ಕೆಳಗಿನಿಂದ ಮೆಕ್ಯಾನಿಕ್ಕುಗಳು ಬಂದರು. ಮೊದಲನೆಯವನು ಬ್ಯಾಟರಿ ಪರೀಕ್ಷಿಸಿದ, ತುಂಬಿ ತುಳುಕುತ್ತಿದೆ ಎಂದ. ಎರಡನೆಯವನು ಪ್ಲಗ್ಗು ಬಿಚ್ಚಿ ಉಜ್ಜಿದ, ಕಾರ್ಬೊರೇಟರ್ ಬಿಚ್ಚಿ ಊದಿದ, ಪೆಟ್ರೋಲ್ ಬರುತ್ತಿದೆ ಎಂದ. ಮೂರನೆಯವನು ತಲೆ ಕೆರೆದುಕೊಂಡು, ಇದಕ್ಕೆ ವಯಸ್ಸಾಯಿತು ಎಂದ. ಬಣ್ಣ ಚೆನ್ನಾಗಿದೆ, ಯಾವಾಗ ಹೊಡೆಸಿದ್ದು ಎಂದು ಮೂವರೂ ಕೇಳಿದರು. ಬಿಲ್ಲಯ್ಯ ಮೂವರಿಗೂ ಮಾತು ಮರೆಸಿದ. ಸುತ್ತ ನಿಂತ ಊರವರೂ ಯಾಕೋ ಆಕಾಶ ನೋಡಿದರು.

ದಿನಗಳು ಹೋದವು. ದುಂಡಮ್ಮನಿಗೆ ಒಂಬತ್ತು ತುಂಬುತ್ತ ಬಂತು. ಒಂದು ಬೆಳಿಗ್ಗೆ ಅವಳು ಅಪ್ಪನ ಅಂಗಳಕ್ಕೆ ಬಂದು, ಸೊಂಟಕ್ಕೆ ಕೈ ಕೊಟ್ಟು ನಿಂತು ಹೇಳಿದಳು. "ಅಪ್ಪಾ, ಅಟ್ಟದಿಂದ ಡೋಲಿ ಇಳ್ಸವ್ರ. ಬಿದಿರಿಗ ಎಣ್ಣ ಹಚ್ತಾವ್ರ ಕನಪ್ಪ. ನಂಗ ಅದು ಬ್ಯಾಡ."

ಬಿಲ್ಲಯ್ಯ ಅವಳ ಮುಖ ನೋಡಲಾರದೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಹೊರಟ. ಹದಿನೆಂಟು ತಿರುವನ್ನೂ ನಡೆದು ಇಳಿದ. ಹನ್ನೊಂದನೆಯ ತಿರುವಿನಲ್ಲಿ ಮಾತ್ರ ಓಡಿದ.

ಅವನು ಹುಣಸೆಮರದ ಬುಡಕ್ಕೆ ಬಂದಾಗ ಸೂರ್ಯ ನೆತ್ತಿಗೆ ಬಂದಿದ್ದ. ಅರುಳಪ್ಪ ಅನ್ನ ಉಂಡು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಬಿಲ್ಲಯ್ಯ ಬಾಯಿ ತೆರೆದ, ಮೇಸ್ತ್ರಿ ಅಂಗೈ ಅಡ್ಡ ಹಿಡಿದ. ಬಿಲ್ಲಯ್ಯ ಮಾಡಿ ತೋರಿಸಿದ. ಕೂತ, ಒತ್ತಿದ, ನಾಲಿಗೆಯಲ್ಲಿ ಟಿಕ್ ಮಾಡಿ ಕತ್ತು ವಾಲಿಸಿದ. ನಿಂಬೆಹಣ್ಣು ತೋರಿಸಿದ, ನಲವತ್ತು ಜನರ ನೂಕಾಟ ತೋರಿಸಿದ, ಮೂರು ಮೆಕ್ಯಾನಿಕ್ಕುಗಳನ್ನೂ ಒಬ್ಬೊಬ್ಬರನ್ನಾಗಿ ತೋರಿಸಿದ. ಆಮೇಲೆ ಹಿಂದಕ್ಕೆ ಹೋಗಿ, ಪೂಜೆಯ ಹಿಂದಿನ ವಾರ ಜೀಪು ಸಂತೆಗೆ ಬಂದು ಗಾಳಿಯಂತೆ ಮರಳಿದ್ದನ್ನು ತೋರಿಸಿ ಕೈ ಮುಗಿದು ನಿಂತ.

ಅರುಳಪ್ಪ ಅಗಿಯುವುದನ್ನು ನಿಲ್ಲಿಸಿದ. ಬೆರಳು ಮಡಚಿ ದಿನ ಎಣಿಸಿದ. ತಲೆ ಅಲ್ಲಾಡಿಸಿದ.

"ನಡುವೆ ದಿನ ಇಲ್ಲ!" ಎಂದು ಕೂಗಿದ. "ಸಂತೆ ತೋರಿಸ್ದೆ, ಪೂಜೆ ತೋರಿಸ್ದೆ. ನಡುವೆ ಏನ್ ಮಾಡ್ದೆ?"

ಬಿಲ್ಲಯ್ಯ ಸುತ್ತ ನೋಡಿದ. ಸಂತೆಯ ದಿನವಲ್ಲ, ಜನ ಕಡಿಮೆ. ಹುಣಸೆಮರದ ನೆರಳಿನಲ್ಲಿ ಒಂದು ನಾಯಿ ಮಲಗಿತ್ತು. ಬೇರೆ ಯಾರ ಎದುರಿಗಾದರೂ ಅವನು ಹೇಳುತ್ತಿರಲಿಲ್ಲ, ಹೆಂಡತಿ ಬದುಕಿದ್ದರೆ ಅವಳಿಗೂ ಹೇಳುತ್ತಿರಲಿಲ್ಲವೇನೋ. ಆದರೆ ಎದುರಿಗಿದ್ದವನಿಗೆ ಕಿವಿ ಇಲ್ಲ, ತಾನೂ ಬಾಯಿ ತೆರೆಯಬೇಕಾಗಿಲ್ಲ. ಕೈ ತಾನಾಗಿ ಎದ್ದಿತು. ಮೊದಲು ಹೊಟ್ಟೆಯ ಮುಂದೆ ಕೈಯನ್ನು ದುಂಡಗೆ ಆಡಿಸಿ ಮಗಳನ್ನು ತೋರಿಸಿದ. ಹೆಗಲ ಮೇಲೆ ಬಿದಿರು ಹೊತ್ತು ನಡೆದ, ನಿಂತ, ಬಿದಿರು ಇಳಿಸಿದ. ಆಮೇಲೆ ಗುಡಿಯ ಮುಂದೆ ಕೈ ಮುಗಿದ, ಆ ಕಡೆ ಈ ಕಡೆ ನೋಡಿದ, ಡಬ್ಬ ಎತ್ತಿದ, ಕಂಬಳಿ ಮುಚ್ಚಿದ. ಮೇಲೆ, ಕೆಳಗೆ, ಸಂದಿಯಲ್ಲಿ, ಮೊಣಕಾಲೂರಿ, ಅಂಗಾತ ಮಲಗಿ ಬಣ್ಣ ಬಳಿದ. ಕೊನೆಗೆ ಎದ್ದು ಎರಡೂ ಕೆನ್ನೆಗೆ ತಾನೇ ಹೊಡೆದುಕೊಂಡ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅರುಳಪ್ಪ ಅವನನ್ನೇ ದಿಟ್ಟಿಸುತ್ತಿದ್ದ. ಎದ್ದು ಬಂದು ಬಿಲ್ಲಯ್ಯನ ಕೈ ಕೆನ್ನೆಯಿಂದ ತೆಗೆದ.

"ಎಷ್ಟು ಕೋಟು?"

ಬಿಲ್ಲಯ್ಯ ಮೂರು ಬೆರಳು ಎತ್ತಿದ.

"ಮೂರು ಕೋಟಾ!" ಮರದ ಮೇಲಿನ ಕಾಗೆಗಳು ಹಾರಿದವು ಅಂತಾರೆ. "ಬ್ಯಾಟರಿ ಇಳಿಸಿದ್ಯಾ? ಅದರ ಕೆಳಗೂ ಬಳಿದ್ಯಾ?"

ಬಿಲ್ಲಯ್ಯ ತಲೆಯಾಡಿಸಿದ. ಅರುಳಪ್ಪ ಎಲೆಅಡಿಕೆ ಉಗಿದ. ಚೀಲಕ್ಕೆ ಒಂದು ಸ್ಪ್ಯಾನರು, ಸ್ಕ್ರೂಡ್ರೈವರು, ತುಕ್ಕು ಉಜ್ಜುವ ಅಂಗೈಯಗಲದ ಉಪ್ಪುಕಾಗದ ಹಾಕಿಕೊಂಡ. ಸಗಾಯಮ್ಮ ಎಲ್ಲಿಗೆ ಎಂದು ಕೈಸನ್ನೆಯಲ್ಲಿ ಕೇಳಿದಳು. ಅವನು ಬೆಟ್ಟ ತೋರಿಸಿದ. ಗಾಡಿ ಅವನ ಬಳಿಗೆ ಬರಬೇಕೇ ಹೊರತು ಅವನು ಗಾಡಿಯ ಬಳಿಗೆ ಹೋದವನಲ್ಲ, ಅದೊಂದೇ ಸಲ ಹೋದದ್ದು ಅಂತಾರೆ.

ಸಂಜೆಯ ಬಿಸಿಲು ಇರುವಾಗಲೇ ಇಬ್ಬರೂ ಮೇಲೆ ಮುಟ್ಟಿದರು. ಊರು ಜೀಪಿನ ಸುತ್ತ ಸೇರಿತು. ಈ ಭಾಗ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಬಾನೆಟ್ಟಿನಿಂದ ಕರಿನಾಗರ ಹೊರಟು ಗುಡಿಯ ಕಡೆ ಹೋಯಿತು ಅಂತಾರೆ. ಅರುಳಪ್ಪ ಸ್ಕ್ರೂಡ್ರೈವರು ಕಚ್ಚಿ ಜೀಪಿನ ಕಾಯಿಲೆಯನ್ನು ಹೀರಿ ನೆಲಕ್ಕೆ ಉಗಿದ, ಆ ಜಾಗದಲ್ಲಿ ಇವತ್ತಿಗೂ ಹುಲ್ಲು ಹುಟ್ಟುವುದಿಲ್ಲ ಅಂತಾರೆ. ಹುಲ್ಲು ಹುಟ್ಟದಿರುವುದು ನಿಜ, ಅಲ್ಲಿ ದನ ಕಟ್ಟುತ್ತಾರೆ. ನಡೆದದ್ದು ಇಷ್ಟು. ಅವನು ಹಿಡಿ ಕಚ್ಚಿ ಕಣ್ಣು ಮುಚ್ಚಿದ, ಬಿಲ್ಲಯ್ಯ ಸ್ಟಾರ್ಟರ್ ಒತ್ತಿದ. ಅರುಳಪ್ಪ ಹೌದು ಎಂಬಂತೆ ತಲೆದೂಗಿದ. ಬ್ಯಾಟರಿಯಿಂದ ಬಂದ ಒಂದು ಪಟ್ಟಿ ವೈರನ್ನು ಜೀಪಿನ ಕಬ್ಬಿಣಕ್ಕೆ ಬೋಲ್ಟು ಹಾಕಿ ಬಿಗಿದಿರುತ್ತಾರಲ್ಲ, ಅರ್ತು ಅನ್ನುತ್ತಾರೆ ಅದಕ್ಕೆ, ಆ ಬೋಲ್ಟು ಬಿಚ್ಚಿದ. ಬ್ಯಾಟರಿಯಿಂದ ಹೊರಟ ಕರೆಂಟು ಮರಳಿ ಮನೆ ಸೇರಲು ಅದೊಂದೇ ದಾರಿ. ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ಮುಟ್ಟಬೇಕು. ಬಿಲ್ಲಯ್ಯ ಮಗಳ ಮೇಲಿನ ಪ್ರೀತಿಯಲ್ಲಿ ಅಲ್ಲೂ ಮೂರು ಕೋಟು ಬಳಿದು, ಬಣ್ಣದ ಮೇಲೆ ವೈರು ಬಿಗಿದಿದ್ದ.

ಅರುಳಪ್ಪ ಉಪ್ಪುಕಾಗದದಿಂದ ಹೆಬ್ಬೆರಳಗಲದ ಜಾಗವನ್ನು ಉಜ್ಜಿದ. ನೀಲಿ ಹೋಯಿತು, ಕಬ್ಬಿಣ ಬೆಳ್ಳಗೆ ಕಂಡಿತು. ವೈರಿನ ತುದಿ ಉಜ್ಜಿದ, ಬೋಲ್ಟು ಬಿಗಿದ, ಬಿಲ್ಲಯ್ಯನಿಗೆ ಕೈ ಬೀಸಿದ.

ಬಿಲ್ಲಯ್ಯ ಒತ್ತಿದ. ಜೀಪು ಒಂದು ಸಲ ಗೊರ್ ಎಂದಿತು, ಮೈ ಕೊಡವಿತು, ಹತ್ತಿಕೊಂಡಿತು. ಊರು ಹೋ ಎಂದಿತು. ಅರುಳಪ್ಪನಿಗೆ ಸದ್ದು ಕೇಳಲಿಲ್ಲ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಕ್ಕ.

ಬಿಲ್ಲಯ್ಯನಿಗೆ ಇಳಿಯಲು ಆಗಲಿಲ್ಲ. ಕೂತಲ್ಲೇ, ಇಂಜಿನ್ನು ಓಡುತ್ತಿರುವಾಗಲೇ, ಎಲ್ಲರ ಎದುರಿಗೆ ಕೆಂಪತಂಬಡಿಗೆ ಕೈ ಮುಗಿದ. "ತಪ್ಪಾಯ್ತು ತಂಬಡಿ. ಬಣ್ಣ ಅಯ್ಯನ ಗುಡೀದು. ನಾನೇ ಕದ್ದಿ."

ಕೆಂಪತಂಬಡಿ, "ಲೋ ಬಿಲ್ಲ," ಎಂದ. "ಗುಡೀಲಿ ನೀಲಿ ಡಬ್ಬ ಕಾಣ್ದಂಗಾಯ್ತು, ಮಾರ್ನೇ ದಿನ ಊರ ಜೀಪು ನೀಲಿಯಾಯ್ತು. ನಂಗ ಕಣ್ಣಿಲ್ವಾ? ಊರಿಗೇ ಗೊತ್ತು ಕನಾ ಬುಡು. ನೀನು ನೊಂದ್ಕತೀಯ ಅಂತ ಯಾರೂ ಬಣ್ಣದ ಮಾತೇ ಎತ್ನಿಲ್ಲ."

ನೋಡಿದಿರಾ? ಬಿಲ್ಲಯ್ಯನಿಗೆ ನಾಚಿಕೆ, ಊರಿಗೆ ಮರ್ಯಾದೆ. ಅವನು ಮುಚ್ಚಿಟ್ಟ, ಅವರು ಮುಚ್ಚಿಕೊಟ್ಟರು. ಮೂರು ಮೆಕ್ಯಾನಿಕ್ಕುಗಳು ಬಣ್ಣದ ಮಾತು ಕೇಳಿದರೂ ಒಬ್ಬರೂ ಉಸಿರೆತ್ತಲಿಲ್ಲ. ಇಷ್ಟು ಒಳ್ಳೆಯ ಜನ ಸೇರಿ ಒಂದು ಜೀಪನ್ನು ಇಪ್ಪತ್ತೆರಡು ದಿನ ಕೊಂದಿಟ್ಟಿದ್ದರು. ಊರೆಲ್ಲ ನಕ್ಕಿತು, ಯಾಕೆಂದು ಅರುಳಪ್ಪನಿಗೆ ತಿಳಿಯಲಿಲ್ಲ. ಬಿಲ್ಲಯ್ಯ ಇಳಿದು ಬಂದು ಅಷ್ಟನ್ನೂ ಮಾಡಿ ತೋರಿಸಿದ. ಆಗ ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲಕ್ಕೆ ಕೂತನಂತೆ.

ಐದನೆಯ ದಿನ ಬೆಳಿಗ್ಗೆ ದುಂಡಮ್ಮನಿಗೆ ನೋವು ಬಂತು. ಜೀಪು ಒಂದೇ ಒತ್ತಿಗೆ ಹತ್ತಿತು. ಹನ್ನೊಂದನೆಯ ತಿರುವು ಬಂದಾಗ ಬಿಲ್ಲಯ್ಯನ ಕಾಲು ಬ್ರೇಕಿನ ಕಡೆ ಹೋಯಿತು. ಹಿಂದೆ ಕೂತ ದುಂಡಮ್ಮ ನೋವಿನಲ್ಲೂ ಅವನ ಹೆಗಲು ತಟ್ಟಿ, "ನಿಲ್ಬ್ಯಾಡ ಹೋಗಪ್ಪ" ಎಂದಳು. ಅವನು ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಅರುಳಮ್ಮ ಎಂದು ಹೆಸರಿಟ್ಟರು. ಬೆಟ್ಟದಯ್ಯನ ಒಕ್ಕಲಿನಲ್ಲಿ ಇದೆಂಥ ಕ್ರೈಸ್ತರ ಹೆಸರು ಎಂದು ಯಾರೋ ಕೇಳಿದ್ದಕ್ಕೆ ಕೆಂಪತಂಬಡಿ, ಅಯ್ಯನಿಗೆ ಅಡ್ಡಿಯಿಲ್ಲ, ನಿನಗೇನು ಎಂದನಂತೆ. ಆ ಊರಿನಲ್ಲಿ ಈಗ ಓಣಿಗೊಬ್ಬಳು ಅರುಳಮ್ಮ ಇದ್ದಾಳೆ.

ಅರುಳಪ್ಪ ಹೋಗಿ ಎಷ್ಟೋ ಕಾಲವಾಯಿತು. ಸಗಾಯಮ್ಮನೂ ಹೋದಳು. ಎಳ್ಳುಬಾರೆಗೆ ಈಗ ಡಾಂಬರು ರಸ್ತೆ ಬಂದಿದೆ, ಜೀಪುಗಳೇ ಏಳೆಂಟಾಗಿವೆ. ಆದರೆ ಆಯುಧಪೂಜೆಯ ದಿನ ಅಲ್ಲಿಗೆ ಹೋಗಿ ನೋಡಿ. ಪ್ರತಿ ಗಾಡಿಗೂ ಮೈತುಂಬ ಅರಿಸಿನ ಕುಂಕುಮ ಹಚ್ಚುತ್ತಾರೆ. ವೈರು ಬಿಗಿದ ಹೆಬ್ಬೆರಳಗಲದ ಜಾಗವನ್ನು ಮಾತ್ರ ಉಜ್ಜಿ ಬರಿದಾಗಿ ಬಿಡುತ್ತಾರೆ, ಅದು ಮೇಸ್ತ್ರಿಯ ಜಾಗ. ನಿಂಬೆಹಣ್ಣು ಇಟ್ಟ ಮೇಲೆ ಡ್ರೈವರು ಒಬ್ಬನೇ ಬಾನೆಟ್ಟಿನ ಮುಂದೆ ನಿಲ್ಲುತ್ತಾನೆ. ಆ ವರ್ಷ ಯಾರಿಗೂ ಹೇಳಲಾರದ್ದು ಏನಿದೆಯೋ ಅದನ್ನು ಬಾಯಿ ತೆರೆಯದೆ, ಕೈಕಾಲಿನಲ್ಲಿ, ಆ ಗಾಡಿಗೆ ಮಾಡಿ ತೋರಿಸುತ್ತಾನೆ. ಅಷ್ಟು ಹೊತ್ತೂ ಊರೆಲ್ಲ ಬೆನ್ನು ತಿರುಗಿಸಿ ನಿಲ್ಲುತ್ತದೆ.

ಹೋದ ವರ್ಷ ನಾನೂ ಅಲ್ಲಿದ್ದೆ, ಡ್ರೈವರ್ ಹುಡುಗನೊಬ್ಬ ಬಹಳ ಹೊತ್ತು ತೆಗೆದುಕೊಂಡ. ಬಿಸಿಲು ಏರಿತು, ನಮ್ಮಂಥ ಮುದುಕರಿಗೆ ಕಾಲು ಸೋತವು. ಯಾರೂ ತಿರುಗಿ ನೋಡಲಿಲ್ಲ. ಹಿಂದೆ ಜೀಪು ಹತ್ತಿದ ಸದ್ದು ಕೇಳಿದ ಮೇಲೆಯೇ ತಿರುಗಿದೆವು.